ಬಂದೂಕು ಎತ್ತುವ ಶಾಸ್ತ್ರ

ನನ್ನ ಹೆಗಲು ಹಾಳಾಗಿರುವುದು ಊರಿನವರ ಸುಳ್ಳಿನಿಂದ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಹೇಳುತ್ತಲೇ ಬಂದಿದ್ದೇನೆ, ಅದಕ್ಕೇ ಊರಿನಲ್ಲಿ ನನಗೆ ಯಾರೂ ಚಹಾ ಕುಡಿಸುವುದಿಲ್ಲ. ಬಾಳಪ್ಪ ಸಾವಕಾರರ ಅಂಗಡಿಯಲ್ಲಿ ನನ್ನ ಕೆಲಸ ಬಂದೂಕು ಹಿಡಿಯುವುದು. ಹೊಡೆಯುವುದಲ್ಲ, ಹಿಡಿಯುವುದು. ಯುದ್ಧದಿಂದ ಬಂದ ಹಳೆಯ ಬಂದೂಕನ್ನು ಯಾರಾದರೂ ಬೆಲೆ ಕಟ್ಟಿಸಲು ತಂದರೆ ಸಾವಕಾರರು ಮೊದಲು ಕನ್ನಡಕ ಏರಿಸಿ ಅದರ ಮೈ ನೋಡುತ್ತಾರೆ. ಯಾವ ಕಾರ್ಖಾನೆಯ ಮುದ್ರೆ, ಮೈಮೇಲಿನ ನಂಬರೂ ಬೋಲ್ಟಿನ ನಂಬರೂ ಒಂದೇ ಹೌದೋ ಅಲ್ಲವೋ, ಕಟ್ಟಿಗೆ ಹುಟ್ಟಿದಾಗಿನದೋ ಆಮೇಲೆ ಕೂಡಿಸಿದ್ದೋ, ನಳಿಗೆಯ ಒಳಗಿನ ಸುರುಳಿ ಗೀರು ಸವೆದಿದೆಯೋ ಇಲ್ಲವೋ. ಅದಾದ ಮೇಲೆ ನಾನು ಎರಡೂ ಕೈ ಮುಂದೆ ಚಾಚಿ ಬಂದೂಕನ್ನು ಎದೆಮಟ್ಟಕ್ಕೆ ಹಿಡಿದು ನಿಲ್ಲುತ್ತೇನೆ. ಮಾಲೀಕ ಅದರ ಕಥೆ ಹೇಳುತ್ತಾನೆ. ಖರೆ ಹೇಳಿದರೆ ಬಂದೂಕು ಬಂದೂಕಿನಷ್ಟೇ ತೂಗುತ್ತದೆ. ಅದಕ್ಕೆ ಕೇಳುವಂತೆ ಅದರ ಬಗ್ಗೆ ಸುಳ್ಳು ಹೇಳಿದನೋ, ಭಾರ ಏರುತ್ತದೆ. ಸಣ್ಣ ಸುಳ್ಳಿಗೆ ಕುರಿಮರಿಯಷ್ಟು, ದೊಡ್ಡ ಸುಳ್ಳಿಗೆ ಎಮ್ಮೆಯಷ್ಟು. ಹೇಳಿದವನೇ ಬಾಯಿ ಬಿಟ್ಟು ವಾಪಸು ತೆಗೆದುಕೊಳ್ಳುವವರೆಗೆ ಇಳಿಯುವುದಿಲ್ಲ. ಸುಳ್ಳು ಅವರದು, ಹೆಗಲು ನನ್ನದು. ಸಿಟ್ಟು ಬರದೆ ಏನು ಮಾಡುತ್ತದೆ?

ಊರಿನವರು ಇದಕ್ಕೆ ಹೊಂದಿಕೊಂಡಿರುವ ರೀತಿ ನೋಡಿದರೆ ಇನ್ನೂ ಸಿಟ್ಟು ಬರುತ್ತದೆ. ನಮ್ಮಲ್ಲಿ ಮನೆಗೊಂದು ಬಂದೂಕು ಇದೆ. ಅದನ್ನು ತಲೆಬಾಗಿಲ ಮೇಲೆ ಎಮ್ಮೆ ಕಟ್ಟುವ ಸರಪಳಿಯಲ್ಲಿ ತೂಗುಬಿಟ್ಟಿರುತ್ತಾರೆ, ಮೊಳೆಯನ್ನು ನಂಬುವಂತಿಲ್ಲ. ಬೀಗರು ಬಂದಾಗ ಮನೆಯ ಯಜಮಾನ "ಬರ್ರಿ, ಹೊರಗ ಗಾಳಿ ಚಲೋ ಐತಿ" ಎಂದು ಅವರನ್ನು ಬೇವಿನ ಕಟ್ಟೆಗೆ ಕರೆದುಕೊಂಡು ಹೋದನೆಂದರೆ ಅಜ್ಜನ ಪರಾಕ್ರಮ ಶುರುವಾಯಿತೆಂದೇ ಲೆಕ್ಕ. ಮೊಣಕಾಲು ನೋವೆಂದು ಮಗಳ ಮನೆಗೂ ಹೋಗದ ಮುದುಕರು ಯುದ್ಧದ ಮಾತಾಡಲು ಊರಾಚೆಯ ಇಟ್ಟಿಗೆ ಭಟ್ಟಿಯವರೆಗೆ ನಡೆದುಹೋಗುತ್ತಾರೆ. ಕಳ್ಳ ಬಂದೂಕು ಹೊತ್ತು ಓಡಿದರೆ ಬೆನ್ನಟ್ಟುವ ಗೋಜಿಲ್ಲ, ಜಗುಲಿಯ ಮೇಲೆ ನಿಂತು "ಅದು ಬಂಗಾರದ್ದೋ!" ಎಂದು ಕೂಗಿದರೆ ಸಾಕು, ಸಂದಿಯ ತುದಿಯಲ್ಲಿ ಅದರಡಿಗೆ ಅಂಗಾತ ಬಿದ್ದಿರುತ್ತಾನೆ. ಹೆಂಗಸರೇ ವಾಸಿ. ಮಾವಿನಕಾಯಿಯನ್ನು ಉಪ್ಪಿನಲ್ಲಿ ಹಾಕಿ, ಭರಣಿಯ ಬಾಯಿಗೆ ಮಣೆ ಇಟ್ಟು, ಮಣೆಯ ಮೇಲೆ ಬಂದೂಕು ಮಲಗಿಸಿ, "ಇದು ಮಹಾರಾಜರು ಕೈಯಾರೆ ಕೊಟ್ಟದ್ದು" ಎಂದು ಒಂದು ಮಾತು ಆಡಿಬಿಡುತ್ತಾರೆ. ಕಾಯಿ ಒತ್ತಿಕೊಂಡು ಚೆನ್ನಾಗಿ ನೀರು ಬಿಡುತ್ತದೆ. ಕಳಿತ ಮೇಲೆ "ಮಹಾರಾಜರೂ ಇಲ್ಲ, ಮಣ್ಣೂ ಇಲ್ಲ" ಎಂದು ಎತ್ತಿಡುತ್ತಾರೆ. ನಮ್ಮವ್ವನ ಉಪ್ಪಿನಕಾಯಿ ಊರಿಗೇ ಹೆಸರುವಾಸಿ. ಅವಳು ಯಾವ ಮಾತು ಹೇಳಿ ಒತ್ತುತ್ತಾಳೆಂದು ನಾನು ಎಂದೂ ಕೇಳಿರಲಿಲ್ಲ. ಭರಣಿಯ ಕಿವಿಯಲ್ಲಿ ಹೇಳಿದಂತೆ ಪಿಸುಗುಟ್ಟುತ್ತಿದ್ದಳು.

ನಾನು ಶಾಲೆ ಬಿಟ್ಟದ್ದೂ ಬಂದೂಕಿನಿಂದಲೇ. ಆರನೇ ಇಯತ್ತೆಯಲ್ಲಿದ್ದಾಗ ಹೆಡ್ ಮಾಸ್ತರರು ದಳವಾಯಿ ಮನೆತನದ ಬಂದೂಕನ್ನು ಎರವಲು ತಂದು ತರಗತಿಯ ಗೋಡೆಗೆ ತೂಗುಹಾಕಿ, ನಮ್ಮಿಂದ ಊರ ವೀರರ ಪಾಠ ಒದರಿಸಿದರು. ಎರಡನೇ ಸಾಲಿಗೇ ಗೋಡೆ ಬಿತ್ತು. ನಾನು ನಕ್ಕೆ. ನಕ್ಕದ್ದಕ್ಕೆ ಮಾಸ್ತರರು ಹೊಡೆದರು. "ಗೋಡಿ ಬೀಳಿಸಿದ್ದು ಪಾಠ ರೀ ಸರ, ನನಗ್ಯಾಕ ಹೊಡೀತೀರಿ?" ಎಂದು ಕೇಳಿ ಪಾಟಿಚೀಲ ಅಲ್ಲೇ ಒಗೆದು ಬಂದೆ. ಆ ಪಾಠ ಇವತ್ತಿಗೂ ಇದೆ. ಮಕ್ಕಳು ಅದನ್ನು ಬಯಲಿನಲ್ಲಿ ಕೂತು ಓದುತ್ತಾರೆ.

ಈ ದಳವಾಯಿ ಮನೆತನದ ಈಗಿನ ಯಜಮಾನರು ರುದ್ರಸ್ವಾಮಿ ದಳವಾಯಿಗಳು. ಮೀಸೆ, ರುಮಾಲು, ಕಿರುಗುಟ್ಟುವ ಚಪ್ಪಲಿ. ಹೋದ ಬೇಸಿಗೆಯಲ್ಲಿ ದೂರದ ಪೇಟೆಯಿಂದ ಹಳೆಯ ಬಂದೂಕು ಕೂಡಿಹಾಕುವ ಹುಚ್ಚಿನ ಶ್ರೀಮಂತನೊಬ್ಬ ಬರುವನೆಂದು ಸುದ್ದಿಯಾದಾಗ ಅವರೂ ತಮ್ಮ ಬಂದೂಕನ್ನು ನಮ್ಮ ಅಂಗಡಿಗೆ ತಂದರು. ಸಾವಕಾರರ ಮಗಳು ಕಾಶವ್ವ ಬಂದೂಕುಗಳಿಗೆ ಎಣ್ಣೆ ಹಚ್ಚುವವಳು. ಅವಳು ಕಟ್ಟಿಗೆಯನ್ನು ಮೂಸಿ ನೋಡಿ, "ಅಪ್ಪಾ, ಇದಕ್ಕ ಚಹಾ ಕುಡಿಸ್ಯಾರ" ಎಂದಳು. ಹೊಸ ಕಟ್ಟಿಗೆಯನ್ನು ಹಳೆಯದು ಮಾಡಲು ಕಡುಚಹಾದಲ್ಲಿ ತೊಯಿಸುವುದು ಹಳೆಯ ಮಸಲತ್ತು. "ಯಾಲಕ್ಕಿನೂ ಹಾಕ್ಯಾರ" ಎಂದಳು. ದಳವಾಯಿಗಳು ಕೇಳಿಸದವರಂತೆ ನನ್ನತ್ತ ತಿರುಗಿ, "ಹಿಡೀಲೇ ಹುಡುಗಾ ಸರಿಯಾಗಿ. ಇದು ನಮ್ಮಜ್ಜ ವೈರಿ ಜನರಲ್ಲನ ಕೈಯಾಗಿಂದ ಕಸಗೊಂಡ ಬಂದೂಕು!" ಎಂದರು. ಬಂದೂಕು ನನ್ನನ್ನೂ ಎಳೆದುಕೊಂಡು ಕೆಳಗಿಳಿಯಿತು, ಅಂಗಡಿಯ ಮುಂದಿನ ಹಾಸುಗಲ್ಲು ಒಡೆಯಿತು, ಗಟಾರದೊಳಗೆ ಹೋಗಿ ಕೂತಿತು. ಮಾತು ವಾಪಸು ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ಜನ ಅದರ ಮೇಲೆ ನಿಂತು ಕಾಲು ತೊಳೆಯತೊಡಗಿದರು. ಮಳೆಗಾಲ ಹತ್ತಿರ ಬಂದಾಗ ದಳವಾಯಿಗಳು ಒಬ್ಬರೇ ಬಂದು, ಅತ್ತಿತ್ತ ನೋಡಿ, ಗಟಾರದೊಳಗೆ ಬಗ್ಗಿ ಏನೋ ಪಿಸುಗುಟ್ಟಿ ಎತ್ತಿಕೊಂಡು ಹೋದರು. ಅಂದಿನಿಂದ ನನ್ನನ್ನು ಕಂಡರೆ ಅವರ ಮೀಸೆ ನಿಮಿರುತ್ತದೆ.

ಕಾಶವ್ವನ ವಿಷಯಕ್ಕೆ ಬರುತ್ತೇನೆ. ಅವಳ ಬಾಯಿ ಬಲು ಚೂಪು. "ಯಮನೂರಿ, ನಿನ್ನ ಮಾರಿಗೂ ಒಂಚೂರು ಎಣ್ಣಿ ಹಚ್ಚಲೇನು? ಯಾವಾಗ ನೋಡಿದರೂ ತುಕ್ಕು ಹಿಡಿದಂಗ ಇರ್ತೈತಿ" ಎನ್ನುತ್ತಿದ್ದಳು. ಬೇರೆ ಯಾರಾದರೂ ಹಾಗೆಂದಿದ್ದರೆ ಜಗಳವಾಗುತ್ತಿತ್ತು. ಅವಳು ಹಾಗೆಂದರೆ ನನಗೆ ಸಿಟ್ಟು ಎಲ್ಲಿ ಹೋಗುತ್ತಿತ್ತೋ ತಿಳಿಯುತ್ತಿರಲಿಲ್ಲ. ಒಂದು ದಿನ ಸಾವಕಾರರೇ ಮಾತು ತೆಗೆದರು. "ಹುಡುಗಿ ಒಪ್ಯಾಳ. ನಂದೇನೂ ತಕರಾರಿಲ್ಲ. ಆದರ ಶಾಸ್ತ್ರ ಅಂದ್ರ ಶಾಸ್ತ್ರ, ಯಮನ್ಯಾ. ಬಂದೂಕು ಬಿತ್ತಂದ್ರ ಮದುವಿ ಬಿತ್ತು."

ನಮ್ಮೂರಿನಲ್ಲಿ ವರ ತನ್ನ ಮನೆಯ ಬಂದೂಕನ್ನು ಹೆಣ್ಣಿನ ಮನೆಯ ಅಂಗಳದಲ್ಲಿ ಎದೆಮಟ್ಟಕ್ಕೆ ಎತ್ತಿ ಹಿಡಿದು ಅದರ ಕಥೆ ಹೇಳಬೇಕು. ಕೈ ಇಳಿಯಿತೋ, ತಾಂಬೂಲದ ತಟ್ಟೆ ಒಳಗೆ ಹೋಗುತ್ತದೆ. ನೋಡಲು ಬಂದವರು ನಡುವೆ ಏನಾದರೂ ಅಂದು ಬಂದೂಕಿನ ಭಾರ ಏರಿಸಬಾರದೆಂದು ಎಲ್ಲರೂ ಬಾಯಿ ತುಂಬ ನೀರು ತುಂಬಿಕೊಂಡು ಕೂರಬೇಕು. ಎಷ್ಟೋ ಮದುವೆಗಳು ನಮ್ಮ ಅಂಗಡಿಯಲ್ಲೇ ಮುರಿದಿವೆ. ಶಾಸ್ತ್ರಕ್ಕೆ ಮೊದಲು ಪರೀಕ್ಷೆ ಮಾಡಿಸೋಣವೆಂದು ವರನ ಕಡೆಯವರು ಬರುತ್ತಾರೆ, ನನ್ನ ಕೈ ಇಳಿಯುತ್ತದೆ, ಅವರು ನನಗೆ ಶಾಪ ಹಾಕುತ್ತ ಹೋಗುತ್ತಾರೆ. ನನಗೆ ಮಾತ್ರ ಯಾವ ಅಂಜಿಕೆಯೂ ಇರಲಿಲ್ಲ. ನಮ್ಮ ಮನೆಯ ಬಂದೂಕಿನ ಕಥೆ ಎಂಥದ್ದು! ನಮ್ಮಜ್ಜ ಸಿದ್ಧಪ್ಪ ಮರಳುಗಾಡಿನ ಯುದ್ಧದಲ್ಲಿ ಒಬ್ಬನೇ ನಿಂತು ಒಂದು ಬಾವಿಯನ್ನು ವೈರಿಗಳಿಂದ ಕಾಯ್ದ. ಆ ಕಥೆಯನ್ನು ನಾನು ಇಟ್ಟಿಗೆ ಭಟ್ಟಿಯಲ್ಲಿ, ಹೊಳೆಯ ದಂಡೆಯಲ್ಲಿ, ಚಹಾದಂಗಡಿಯಲ್ಲಿ ಸಾವಿರ ಸಲ ಹೇಳಿದ್ದೆ. ಬಂದೂಕಿನ ಮುಂದೆ ಹೇಳಿರಲಿಲ್ಲ, ಅಷ್ಟೇ. ಬಂದೂಕಿನ ಮುಂದೆ ಬಂದೂಕಿನ ಮಾತು ಆಡಬಾರದೆಂದು ಎಲ್ಲರ ಮನೆಯಲ್ಲೂ ಹೇಳಿ ಬೆಳೆಸುತ್ತಾರಲ್ಲ.

ಶಾಸ್ತ್ರದ ಹಿಂದಿನ ದಿನ ಬಂದೂಕನ್ನು ಅಂಗಡಿಗೆ ಒಯ್ದೆ. ಸಾವಕಾರರು ನೋಡುತ್ತ ನೋಡುತ್ತ ಎದ್ದು ನಿಂತುಬಿಟ್ಟರು. ಮೈ, ಬೋಲ್ಟು, ಗುರಿ ನೋಡುವ ತಗಡು, ಎಲ್ಲದರ ಮೇಲೂ ಒಂದೇ ನಂಬರು. ಕಟ್ಟಿಗೆ ಕಾರ್ಖಾನೆಯದೇ. ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ, "ಒಂದು ಗುಂಡೂ ಹಾರಿಲ್ಲಲ್ಲೋ ಇದರಾಗಿಂದ! ಇಡೀ ಊರಾಗ ಇಂಥ ಮಾಲು ಇಲ್ಲ" ಎಂದರು. ಗುಂಡು ಹಾರಿಲ್ಲ ಎಂಬ ಮಾತು ನನಗೆ ಸೇರಲಿಲ್ಲ. ಅಷ್ಟರಲ್ಲಿ ಕಾಶವ್ವ ಅರಿವೆಯಿಂದ ನಳಿಗೆಯ ಹೊರಮೈ ಒರೆಸಿ ತೋರಿಸಿದಳು. ಅರಿವೆಯ ತುಂಬ ಮಸಿ. "ಒಳಗ ಬೆಳ್ಳಿ, ಹೊರಗ ಒಲಿ ಕಿಟ್ಟ. ಇಲ್ಲಿ ಸಂದ್ಯಾಗ ಅರಿಷಿಣ ಐತಿ. ಯಮನೂರಿ, ನಿಮ್ಮಜ್ಜ ವೈರಿಗಳಿಗೆ ಒಗ್ಗರಣಿ ಹಾಕಿದ್ನೇನು?"

"ನಮ್ಮಜ್ಜನ ಸುದ್ದಿಗೆ ಬರಬ್ಯಾಡ" ಎಂದೆ.

ಸಾವಕಾರರು ಹೆಗಲಿಗೆ ಆನಿಸುವ ಕಡೆಯ ತಗಡಿನ ತಿರುಪು ಬಿಚ್ಚಿ, ಕೆಳಗಿನ ಕಟ್ಟಿಗೆ ನೋಡಿ, ಮುಖ ಬಿಳಿಚಿಕೊಂಡು ಮತ್ತೆ ಬಿಗಿದರು. "ಏನೈತ್ರಿ ಸಾವಕಾರ್ರ?" ಎಂದೆ. "ಏನಿಲ್ಲೋ, ಬರೇ ಧೂಳು" ಎಂದರು. ಮೇಜಿನ ಮೇಲಿದ್ದ ಬಂದೂಕಿನ ಅಡಿಯಿಂದ ಕಟಕ್ಕೆಂದು ಸಪ್ಪಳ ಬಂತು, ಮೇಜಿನ ಒಂದು ಕಾಲು ಸೊಟ್ಟಗಾಯಿತು. "ಬರೇ ಧೂಳಲ್ಲ, ಬರೇ ಧೂಳಲ್ಲ!" ಎಂದು ಸಾವಕಾರರು ಮೇಜಿಗೇ ಸಮಾಧಾನ ಹೇಳಿದರು. "ನಾಳೆ ಬೇಕಾದ್ರ ಹೇಳ್ತೇನಿ. ಈಗ ಮನಿಗೆ ನಡಿ." ಮನೆಗೆ ಬಂದು ಅವ್ವನನ್ನು ಕೇಳಿದೆ, ಅಜ್ಜನ ಕಥೆ ಖರೆ ಹೌದಿಲ್ಲೋ ಎಂದು. "ನಾಳಿನ ಸಾರಿಗೆ ಬ್ಯಾಳಿ ಆರಿಸಬೇಕು" ಎಂದು ಒಳಗೆ ಹೋದಳು.

ಮರುದಿನ ಸಾವಕಾರರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನಿಂದ ಮದುವೆ ಮುರಿದವರು, ಬೆಲೆ ಇಳಿದವರು, ಹಾಸುಗಲ್ಲು ಒಡೆದವರು, ಎಲ್ಲರೂ ಮುಂದಿನ ಸಾಲಿನಲ್ಲಿ. ಅವರೆಲ್ಲರಿಗಿಂತ ಮುಂದೆ ಕುರ್ಚಿ ಹಾಕಿಸಿಕೊಂಡು ದಳವಾಯಿಗಳು. ಅಂಗಳದ ಮೂಲೆಯಲ್ಲಿ ನಮ್ಮವ್ವ ಊಟಕ್ಕೆ ಸಾರು ಕುದಿಸುತ್ತಿದ್ದಳು. ಚೊಂಬುಗಳು ಸುತ್ತು ಬಂದವು, ಗಲ್ಲಗಳು ಉಬ್ಬಿದವು. ಕಾಶವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಅವಳ ಗಲ್ಲವೂ ಉಬ್ಬಿತ್ತು. ನಾನು ಬಂದೂಕು ಎತ್ತಿದೆ.

"ಇದು ನಮ್ಮಜ್ಜ ಸಿದ್ಧಪ್ಪನ ಬಂದೂಕು."

ಭುಜದ ಮೇಲೆ ಯಾರೋ ಬಂದು ಕೂತಂತಾಯಿತು. ಹೆದರಿಕೆಗೆ ಹೀಗಾಗುತ್ತಿರಬೇಕು ಅಂದುಕೊಂಡೆ. "ಮರಳುಗಾಡಿನ ಯುದ್ಧದಾಗ ಅಂವ ಇದನ್ನ ಹಿಡಕೊಂಡು ಒಬ್ಬನಽ ನಿಂತು ಒಂದು ಬಾವಿ ಕಾಯ್ದ. ವೈರಿಗಳ ಮ್ಯಾಲೆ ಗುಂಡು ಸುರದ." ಒಂದು ಎಮ್ಮೆ ಹತ್ತಿತು, ಅದರ ಹಿಂದೆ ಇನ್ನೊಂದು. ನನ್ನ ಮೊಣಕಾಲು ಬಾಗಿತು. ಮುಂದಿನ ಸಾಲಿನಲ್ಲಿ ಕಣ್ಣುಗಳು ಅರಳಿದವು. ಮೂಗಿನಿಂದ ನಗುವ ಸಪ್ಪಳ. ದಳವಾಯಿಗಳು ಕುರ್ಚಿಯಿಂದ ಎದ್ದು, ಇನ್ನೂ ಚೆನ್ನಾಗಿ ಕಾಣಲೆಂದು ನನ್ನ ಹತ್ತಿರ ಬಂದು ನಿಂತರು.

ಸಾಯುವಷ್ಟು ಸಿಟ್ಟು ಬಂತು. ಊರವರ ಮೇಲಲ್ಲ, ಅಜ್ಜನ ಮೇಲೆ. ಆದರೆ ನಾನು ಅದೇ ಕೆಲಸದವನು. ಬಂದೂಕು ಏನು ಬಯಸುತ್ತದೆಂದು ನನ್ನ ಕೈಗೆ ಗೊತ್ತಾಗುತ್ತದೆ. ಇನ್ನೂ ಎದೆಮಟ್ಟದಿಂದ ಇಳಿದಿರಲಿಲ್ಲ. ಸಂತೆಯಲ್ಲಿ ಎತ್ತಿನ ಬೆಲೆ ಇಳಿಸುವಂತೆ ಇಳಿಸತೊಡಗಿದೆ.

"ಒಬ್ಬನಽ ಅಲ್ಲ!" ಕೂದಲೆಳೆಯಷ್ಟು ಹಗುರ. "ಗುಂಡು ಸುರೀಲಿಲ್ಲ! ಗುಂಡು ಹಾರಿಸಲೇ ಇಲ್ಲ!" ಒಂದು ಎಮ್ಮೆ ಇಳಿಯಿತು. "ವೈರಿಗಳು ಅಲ್ಲ, ಒಂಟಿ! ಒಂಟಿ ಬಂದಿದ್ದವು ಬಾವಿಗೆ!" ಬಂದೂಕು ಸರ್ರನೆ ಕೆಳಗೆ ಜಗ್ಗಿತು. "ಒಂಟೀನೂ ಇಲ್ಲ, ಒಂಟೀನೂ ಇಲ್ಲ! ಸಿಪಾಯಿಗಳು! ನಮ್ಮವರಽ! ಹಸಗೊಂಡಿದ್ದರು!" ಭಾರ ಇಳಿಯಿತು. ಬೆವರು ಕಣ್ಣಿಗಿಳಿಯುತ್ತಿತ್ತು. "ಬಾವಿ ಕಾಯಲಿಲ್ಲ, ನೀರು ಸೇದಿದ! ನೀರು ಸೇದಿ ಅಡಿಗಿ ಮಾಡಿದ! ನಮ್ಮಜ್ಜ ದಂಡಿನ ಅಡಿಗಿಯಂವ!"

ಎರಡನೆಯ ಎಮ್ಮೆಯೂ ಇಳಿಯಿತು. ಮುಂದಿನ ಸಾಲಿನವನೊಬ್ಬ ನಗು ತಡೆಯಲಾರದೆ ಬಾಯಿಯ ನೀರನ್ನೆಲ್ಲ ಪಕ್ಕದವನ ರುಮಾಲಿನ ಮೇಲೆ ಕಾರಿದ. ಹಾಗಾದರೆ ಅಜ್ಜ ಬಂದೂಕಿನಿಂದ ಏನು ಮಾಡಿದ? ಬಾಗಿಲಲ್ಲಿ ಕಾಶವ್ವ ಉಬ್ಬಿದ ಗಲ್ಲದಲ್ಲೇ ಸನ್ನೆ ಮಾಡುತ್ತಿದ್ದಳು. ಒಂದು ಕೈ ಅಡ್ಡ ಹಿಡಿದಳು, ಇನ್ನೊಂದು ಕೈಯನ್ನು ಅದರ ಕೆಳಗೆ ತೂಗಾಡಿಸಿದಳು, ಕೆಳಗಿನಿಂದ ಬೆರಳುಗಳನ್ನು ಬೆಂಕಿಯಂತೆ ಕುಣಿಸಿದಳು.

"ಇದನ್ನ ಒಲಿ ಮ್ಯಾಲೆ ಅಡ್ಡ ಇಟ್ಟು ಸಾರಿನ ಹಂಡೇವು ತೂಗಬಿಟ್ಟಿದ್ದ!" ಎಂದೆ.

ಬಂದೂಕು ತಲೆದೂಗಿದಂತೆ ಅನಿಸಿತು. ಆದರೂ ಪೂರಾ ಹಗುರಾಗಲಿಲ್ಲ. ಮೊದಲು ಬಂದು ಕೂತಿದ್ದನಲ್ಲ ಭುಜದ ಮೇಲೆ, ಅವನಿನ್ನೂ ಇಳಿದಿರಲಿಲ್ಲ. ಮೊದಲು ಹೇಳಿದ ಮಾತು ಯಾವುದು? ಅದೊಂದನ್ನು ವಾಪಸು ತೆಗೆದುಕೊಂಡರೆ ನನ್ನ ಕೈಯಲ್ಲಿ ಉಳಿಯುವುದಾದರೂ ಏನು? ಹಿಡಿದುಕೊಂಡೇ ನಿಲ್ಲಬಹುದಿತ್ತು, ಅಷ್ಟು ಶಕ್ತಿ ಇತ್ತು. ಆದರೆ ಇಷ್ಟು ವರ್ಷ ಊರವರ ಸುಳ್ಳಿಗೆ ಬೈದು ಬೈದು, ಈಗ ನನ್ನದೇ ಸುಳ್ಳನ್ನು ಹೊತ್ತು ನಿಲ್ಲುವುದು ನನ್ನಿಂದಾಗಲಿಲ್ಲ.

"ಇದು ನಮ್ಮಜ್ಜಂದ ಅಲ್ಲ" ಎಂದೆ.

ಬಂದೂಕು ಬಂದೂಕಿನಷ್ಟಾಯಿತು. ಒಲೆಯ ಹತ್ತಿರದಿಂದ ಅವ್ವ, "ಅಲ್ಲೋ, ನಾ ಉಪ್ಪಿನಕಾಯಿ ಒತ್ತೂದು ಇನ್ಯಾವ ಮಾತಿಂದ ಅಂತ ತಿಳದೀ?" ಎಂದಳು. "ಇದು ನಮ್ಮ ಮನೀ ಬಂದೂಕು ಅಂತಿದ್ದೆ. ಎಷ್ಟ್ ಚಲೋ ಒತ್ತತಿತ್ತು!"

ಸಾವಕಾರರು ಗುಟುಕ್ಕನೆ ನೀರು ನುಂಗಿದರು. "ಇನ್ನ ಮುಚ್ಚಿಡೂದು ಏನೈತಿ. ಹಿಂದಿನ ತಗಡಿನ ಕೆಳಗ ಹೆಸರು ಕೆತ್ಯಾರ. ದಳವಾಯಿ ಅಂತ."

ಇಡೀ ಅಂಗಳವೇ ನೀರು ಕಾರಿತು. ದಳವಾಯಿಗಳು ಮಾತ್ರ ತಮ್ಮ ನೀರನ್ನು ನೇರ ನನ್ನ ಎದೆಯ ಮೇಲೆ ಉಗುಳಿ ಗರ್ಜಿಸಿದರು. "ಛೀ! ಇದು ನಮ್ಮಜ್ಜಂದಲ್ಲ! ನಮ್ಮಜ್ಜ ಇದನ್ನ ಕಣ್ಣಿಲೆ ಸೈತ ನೋಡಿಲ್ಲ!"

ಈ ಸಲ ಬಂದುದು ಎಮ್ಮೆಯಲ್ಲ, ಆನೆ. ನನ್ನ ಎರಡೂ ಕೈ ನೆಲದ ಕಡೆ ಹೋದವು, ಬಂದೂಕು ದಳವಾಯಿಗಳ ಎಡಗಾಲಿನ ಚಪ್ಪಲಿಯ ಮೇಲೆ ಅಡ್ಡಬಿತ್ತು. ಕಾಲು ಚಪ್ಪಲಿಯೊಳಗೇ ಇತ್ತು. ಅವರು ಹೊಡೆದ ಕೂಗಿಗೆ ಬೇವಿನ ಗಿಡದ ಕಾಗೆಗಳೆಲ್ಲ ಎದ್ದವು.

"ಎತ್ರೋ! ಯಾರರೆ ಎತ್ರೋ!"

"ನಮ್ಮ ಕೈಯಾಗ ಏನೈತ್ರಿ ದಳವಾಯ್ರ" ಎಂದರು ಸಾವಕಾರರು. "ಹೇಳಿದವರಽ ವಾಪಸ್ ತಗೋಬೇಕು."

"ನಮ್ಮಜ್ಜಂದಽ" ಎಂದು ದಳವಾಯಿಗಳು ಗೊಣಗಿದರು. ಬಂದೂಕು ತುಸು ಸಡಿಲಾಯಿತು.

"ಕೇಳಸಲಿಲ್ರೀ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಮ್ಮಜ್ಜಂದಽ ಐತಿ! ನೋಡಿದ್ದ, ಹೊತಗೊಂಡು ತಿರುಗಿದ್ದ! ಮೊದಲನೇ ತೋಪಿನ ಸಪ್ಪಳಕ್ಕ ದಂಡಿನ ಅಡಿಗಿ ಮನ್ಯಾಗ ಹೊಕ್ಕು ಅಕ್ಕಿ ಚೀಲದ ಹಿಂದ ಕುಂತಂವ, ಇದನ್ನ ಅಲ್ಲೇ ಬಿಟ್ಟು ಓಡಿ ಬಂದ! ಸಾಕಽ? ಸಮಾಧಾನ ಆತಽ?" ಎಂದು ದಳವಾಯಿಗಳು ಅಳುದನಿಯಲ್ಲಿ ಕೂಗಿದರು. ಬಂದೂಕು ಅವರ ಕಾಲ ಮೇಲೆ ಕೋಲಿನಂತೆ ಹಗುರಾಗಿ ಬಿದ್ದುಕೊಂಡಿತು. ಅವರು ಅದನ್ನು ಎತ್ತಿಕೊಂಡು, ಕುಂಟುತ್ತ ಹೋಗಿ ಕುರ್ಚಿಯಲ್ಲಿ ಕೂತು, ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಉಜ್ಜತೊಡಗಿದರು. ಊರಿಗೇ ಒಳ್ಳೆಯ ಮಾಲು ಈಗ ಅವರದು. ಅವರ ಮುಖದಲ್ಲಿ ಒಂದಿಷ್ಟೂ ಖುಷಿ ಇರಲಿಲ್ಲ.

ಜನ ನಕ್ಕು ಮುಗಿಸಿದ ಮೇಲೆ ಎಲ್ಲರ ಕಣ್ಣುಗಳೂ ನನ್ನ ಬರಿಗೈ ಮೇಲೆ ಬಿದ್ದವು. ಸಾವಕಾರರು ತಾಂಬೂಲದ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು, ಒಳಗೆ ಒಯ್ಯಬೇಕೋ ಹೊರಗೆ ಕೊಡಬೇಕೋ ತಿಳಿಯದೆ ನಿಂತರು. "ಬಂದೂಕು ದಳವಾಯರದಾತು, ಬೀಳಿಸಿದ್ದೂ ಅವರ ಮಾತಽ. ಯಮನೂರಿ ಎತ್ತೂದು ಏನನ್ನ?" ಎಂದರು. ಕಾಶವ್ವ ನೆಲ ನೋಡುತ್ತಿದ್ದಳು. ಅವಳು ನೆಲ ನೋಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಆಗ ಅವ್ವ ಸಾರಿನ ಹಂಡೆಯಿಂದ ಸೌಟನ್ನು ಎತ್ತಿ, ಸೆರಗಿನಿಂದ ಒರೆಸುತ್ತ ಬಂದಳು. ಮೊಳಕ್ಕಿಂತ ಉದ್ದದ ಹಿತ್ತಾಳೆಯ ಸೌಟು. "ಇದನ್ನ ಎತ್ತಲಿ. ನಮ್ಮ ಮಾವ ಯುದ್ಧದಿಂದ ತಂದ ಸ್ವಂತದ್ದು ಅಂದ್ರ ಇದೊಂದಽ."

"ಸೌಟಿಗೆ ತೂಕ ಏರೂದಿಲ್ಲಲ್ಲವಾ" ಎಂದ ಭಟ್ಟಿಗೆ ನಡೆಯುವ ಮುದುಕರಲ್ಲೊಬ್ಬ.

ಕಾಶವ್ವ ತಲೆ ಎತ್ತಿದಳು. "ಅಜ್ಜ ತಂದದ್ದನ್ನ ಎತ್ತಿ ಹಿಡಕೊಂಡು ಕಥಿ ಹೇಳಬೇಕು, ಹೌದಲ್ಲೋ? ಹೇಳಲಿ. ಕೈ ಇಳೀತಂದ್ರ ನಾನಽ ಒಲ್ಲೆ ಅಂತೇನಿ."

ಸೌಟನ್ನು ಎದೆಮಟ್ಟಕ್ಕೆ ಹಿಡಿದು ನಿಂತೆ. "ಇದು ನಮ್ಮಜ್ಜ ಸಿದ್ಧಪ್ಪನ ಸೌಟು" ಎಂದೆ. ರೂಢಿಯ ಬಲದಿಂದ ಹೆಗಲು ಭಾರಕ್ಕಾಗಿ ಕಾದು ನಿಂತಿತು. ಏನೂ ಬರಲಿಲ್ಲ. "ಇದರಿಂದ ಅಂವ ದಂಡಿಗೆಲ್ಲ ಸಾರು ಬಡಿಸಿದ." ಏನೂ ಇಲ್ಲ. ಯಾಕೋ ಬಾಯಿ ತಾನಾಗಿಯೇ ತೆರೆಯಿತು. "ವೈರಿಗಳಿಗೂ ಬಡಿಸಿದ." ಇದು ಖರೆಯೋ ಸುಳ್ಳೋ ನನಗೆ ಗೊತ್ತಿರಲಿಲ್ಲ, ಸೌಟು ಹೇಳಲೂ ಇಲ್ಲ. ಮೈಯಲ್ಲೊಂದು ಥರದ ಕಚಗುಳಿ ಆಯಿತು. "ಸಾರಿನ ವಾಸನಿ ಮೂಗಿಗೆ ಬಡದು ವೈರಿ ಜನರಲ್ಲ ಕುದುರಿ ಇಳದ. ಕತ್ತಿ ಒಗದ. ತಾಟು ಹಿಡಕೊಂಡು ಎಲ್ಲಾರ ಹಿಂದ ಸಾಲಿನ್ಯಾಗ ನಿಂತ."

ಅಂಗಳದ ಮಂದಿ ಹುಟ್ಟಿದಾಗಿನಿಂದ ಭಟ್ಟಿಗೆ ನಡೆದುಹೋಗಿ, ಬೇವಿನ ಕಟ್ಟೆಗೆ ಸರಿದು, ಕದ್ದು ಮುಚ್ಚಿ ಕಥೆ ಕೇಳಿದವರು. ಎತ್ತಿ ಹಿಡಿದ ವಸ್ತುವಿನ ಎದುರಿಗೇ, ಹಾಡೇ ಹಗಲಿಗೆ, ಕೈ ಇಳಿಯದೆ ಒಬ್ಬ ಹೀಗೆ ಹೇಳುವುದನ್ನು ಅವರು ಎಂದೂ ಕಂಡಿರಲಿಲ್ಲ. ನಿಂತವರು ಕೂತರು. ಕೂತವರು ಮುಂದೆ ಸರಿದರು. ನನ್ನಿಂದ ಮದುವೆ ಮುರಿದವನೊಬ್ಬ ಗಲ್ಲಕ್ಕೆ ಕೈ ಹಚ್ಚಿ, ಬಾಯಿ ತೆರೆದುಕೊಂಡು ಕೇಳುತ್ತಿದ್ದ. ತಾಂಬೂಲದ ತಟ್ಟೆಯನ್ನು ಸಾವಕಾರರು ಯಾವಾಗ ಅವ್ವನ ಕೈಗೆ ಕೊಟ್ಟರೋ ನಾನು ನೋಡಲಿಲ್ಲ. ಜನರಲ್ಲ ಎರಡನೇ ಸಲ ಸಾರು ಕೇಳಿದ, ಅಜ್ಜ ಕೊಡಲಿಲ್ಲ, ಮೊದಲು ದಂಡು ಹಿಂದಕ್ಕ ಕಳಿಸು ಅಂದ, ಜನರಲ್ಲ ಅತ್ತ.

"ಖರೇನಽ?" ಎಂದಳು ಕಾಶವ್ವ, ಕಣ್ಣಲ್ಲಿ ನಗು ತುಳುಕಿಸುತ್ತ.

"ಖರೇ" ಎಂದೆ. ನನ್ನ ಕೈ ಹೂವು ಹಿಡಿದಷ್ಟು ಹಗುರಾಗಿತ್ತು.

"ಯಮನ್ಯಾ, ಸೌಟು ಕೊಡೋ" ಎಂದಳು ಅವ್ವ. "ಸಾರು ತಳ ಹಿಡೀತೈತಿ."

"ತಡಿಯವ್ವಾ!" ಎಂದು ದಳವಾಯಿಗಳು ಕುರ್ಚಿಯಿಂದ ಗದರಿದರು. ಬಂದೂಕು ಅವರ ತೊಡೆಯಿಂದ ಜಾರಿ ನೆಲಕ್ಕೆ ಬಿದ್ದದ್ದೂ ಅವರಿಗೆ ತಿಳಿದಿರಲಿಲ್ಲ. "ಕಥಿ ಮುಗೀಲಿ. ಆಮ್ಯಾಲೇನಾತೋ ಹುಡುಗಾ, ಜನರಲ್ಲ ಏನಂದ?"

ಅವತ್ತು ಊರಿಗೆ ಊರೇ ಸೀದ ಸಾರು ಉಂಡಿತು.